ನಂದಿನಿ ಲೇಔಟಿನ ಡೆನ್ಮಾರ್ಕ್ ಕೊಠಡಿ

ನಂದಿನಿ ಲೇಔಟಿನ ನಿವಾಸಿ ದೃಢೀಕರಣ ಕೇಂದ್ರದ ಮೊದಲ ಮಹಡಿಯ ಮೂರನೆಯ ಕೊಠಡಿಯು ಎರಡು ಸಾವಿರದ ಆರನೆಯ ಇಸವಿ ಜುಲೈ ಹತ್ತರಿಂದ ಡೆನ್ಮಾರ್ಕ್ ದೇಶದಲ್ಲಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸುತ್ತೋಲೆ ಇದೆ, ಸುತ್ತೋಲೆಗೆ ಕ್ರಮಸಂಖ್ಯೆ ಇದೆ, ಕ್ರಮಸಂಖ್ಯೆಯ ಕೆಳಗೆ ಗುಂಡನೆಯ ಮೊಹರು ಇದೆ. ಒಂದನೆಯ ಕೊಠಡಿ, ಎರಡನೆಯ ಕೊಠಡಿ ಮತ್ತು ಶೌಚಾಲಯ ಎಂದಿನಂತೆ ಭಾರತದಲ್ಲಿಯೇ ಇವೆ.

ಈ ಸ್ಥಳಾಂತರವನ್ನು ಮೊದಲಿಂದ ಕೊನೆಯವರೆಗೆ ಹತ್ತಿರದಿಂದ ಕಂಡವನು ಕೇಂದ್ರದ ದಿನಗೂಲಿ ವೈರ್‌ಮನ್ ಯಲ್ಲಪ್ಪ. ಕುಷ್ಟಗಿ ಕಡೆಯವನು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಒಂಬತ್ತು ವರ್ಷದಿಂದ ಲಗ್ಗೆರೆಯ ಒಂದು ವಠಾರದಲ್ಲಿ ಹೆಂಡತಿ ಪಾರವ್ವನೊಂದಿಗೆ ಸಂಸಾರ ಮಾಡಿಕೊಂಡಿದ್ದ. ಅವನಿಗೆ ಈ ಊರಿನಿಂದ ಬೇಕಾಗಿದ್ದದ್ದು ಒಂದೇ, ಗ್ಯಾಸ್ ಕನೆಕ್ಷನ್.

ಪಾರವ್ವ ಜೋಳದ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ. ಆದರೆ ಆ ರೊಟ್ಟಿ ಬೇಯುತ್ತಿದ್ದದ್ದು ಸೀಮೆಎಣ್ಣೆ ಸ್ಟವ್ವಿನ ಮೇಲೆ. ಮೊದಲ ತುತ್ತಿಗೆ ಜೋಳದ ರುಚಿ ಬರುತ್ತಿತ್ತು, ಎರಡನೆಯ ತುತ್ತಿನಿಂದ ಮುಂದಕ್ಕೆಲ್ಲ ಸೀಮೆಎಣ್ಣೆಯದೇ. "ಒಂಬತ್ತ ವರ್ಷ ಆತು, ನನ್ನ ರೊಟ್ಟಿ ಲಾಟೀನ ನಾರಿದಂಗ ನಾರತಾವು. ಗ್ಯಾಸ್ ತರ್ರಿ, ಇಲ್ಲಂದ್ರ ರೊಟ್ಟಿ ಕೇಳಬ್ಯಾಡ್ರಿ" ಎಂದು ಅವಳು ಹೇಳಿಬಿಟ್ಟಿದ್ದಳು.

ಗ್ಯಾಸ್ ಏಜೆನ್ಸಿಯವರು ನಿವಾಸಿ ಕಾರ್ಡ್ ಕೇಳಿದರು. ಅದು ಸಿಗುವವರೆಗೆ ಬಾಡಿಗೆ ಕರಾರು ಪತ್ರವಾದರೂ ಆದೀತು ಎಂದರು. ವಠಾರದ ಮಾಲೀಕ ಮುನಿಯಪ್ಪನವರು ಹಳೇ ಊರಿನ ಜಮೀನುದಾರರು. ಪ್ರತಿ ತಿಂಗಳು ಐದನೆಯ ತಾರೀಕು ತಪ್ಪದೆ ಬಾಡಿಗೆ ತೆಗೆದುಕೊಳ್ಳುತ್ತಿದ್ದರು. ಆದರೆ ಕಾಗದ ಎಂದ ಕೂಡಲೇ ಹೌಹಾರಿದರು. "ನೀನು ನಮ್ಮನೇಲಿ ಇದೀಯ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಅದನ್ನ ಕಾಗದದಾಗೆ ಯಾಕಪ್ಪಾ ಬರೀಬೇಕು? ಬರ್ಕೊಟ್ರೆ ನಾಳೆ ಮನೆ ನಂದೇ ಅಂತೀಯ" ಎಂದರು. ಆದ್ದರಿಂದ ಉಳಿದದ್ದು ಕಾರ್ಡಿನ ದಾರಿ ಮಾತ್ರ. ಯಲ್ಲಪ್ಪ ಇಬ್ಬರು ನೆರೆಯವರ ಸಹಿ ಹಾಕಿಸಿ, ತಾನು ದುಡಿಯುತ್ತಿದ್ದ ಕೇಂದ್ರಕ್ಕೇ ಅರ್ಜಿ ಕೊಟ್ಟು, ಕಾರ್ಡ್ ಅಚ್ಚು ಹಾಕುವ ಯಂತ್ರ ಬರುವುದನ್ನು ಕಾಯುತ್ತಿದ್ದ.

ಯಂತ್ರವನ್ನು ಟೆಂಡರ್ ಮೂಲಕವೇ ಕೊಂಡಿದ್ದರು. ಪೀಣ್ಯದ ಒಂದು ಕಾರ್ಖಾನೆಯೂ ಅಂಥದೇ ಯಂತ್ರ ಮಾಡುತ್ತಿತ್ತು, ಅರ್ಜಿಯನ್ನೂ ಹಾಕಿತ್ತು. ಆದರೆ ಆ ಕಾರ್ಖಾನೆ ಕೇಂದ್ರದ ತಾರಸಿಯ ಮೇಲೆ ನಿಂತರೆ ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ ತಿರಸ್ಕೃತವಾಯಿತು. ಉತ್ತಮ ಯಂತ್ರವು ಏಳು ಸಾವಿರ ಕಿಲೋಮೀಟರಿಗಿಂತ ಕಡಿಮೆಯಲ್ಲದ ದೂರದಿಂದ ಬಂದಿರತಕ್ಕದ್ದು ಎಂಬುದು ಟೆಂಡರಿನ ನಾಲ್ಕನೆಯ ಷರತ್ತಾಗಿತ್ತು. ಹೀಗಾಗಿ ಜನವರಿಯಲ್ಲಿ ಡೆನ್ಮಾರ್ಕ್‌ನಿಂದ ಒಂದು ಬಿಳಿ ಯಂತ್ರ ಬಂದಿಳಿಯಿತು. ಅದನ್ನು ಮೂರನೆಯ ಕೊಠಡಿಯಲ್ಲಿ ಕೂರಿಸಿದರು. ತೆಂಗಿನಕಾಯಿ ಒಡೆದರು. ವಿಶೇಷಾಧಿಕಾರಿ ಮಧುಕುಮಾರ್ ಅವರು ವೈರಿನ ತುದಿಯನ್ನು ಕೈಗೆತ್ತಿಕೊಂಡು, ಫೋಟೋದವನ ಕಡೆ ಮುಖ ಮಾಡಿ, ಗೋಡೆಯ ಸಾಕೆಟ್ಟಿಗೆ ಚುಚ್ಚಿದರು.

ಅದು ಹೋಗಲಿಲ್ಲ. ತಿರುಗಿಸಿ ಚುಚ್ಚಿದರು. ಆಗಲೂ ಹೋಗಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ನಮ್ಮ ಗೋಡೆಯಲ್ಲಿ ಮೇಲೊಂದು ದೊಡ್ಡ ತೂತು, ಕೆಳಗೆರಡು ಸಣ್ಣ ತೂತು. ಡೆನ್ಮಾರ್ಕ್‌ನ ಪ್ಲಗ್ಗಿಗೆ ಎರಡು ದುಂಡು ಕಡ್ಡಿ, ಅವುಗಳ ಕೆಳಗೆ ಅರ್ಧಚಂದ್ರದಂಥ ಒಂದು ತುಂಡು.

"ಇಷ್ಟಕ್ಕ ಯಾಕ್ರೀ ಸರ್?" ಎಂದ ಯಲ್ಲಪ್ಪ. "ಐದ್ ಮಿನಿಟಿನ ಕೆಲಸ ಐತಿ. ಈ ಪ್ಲಗ್ ಕತ್ತರಿಸಿ ಒಗದು ನಮ್ಮ ತ್ರೀ ಪಿನ್ ಹಾಕಿಬಿಡ್ತೀನಿ. ಅಲ್ಲಿ ಕರೆಂಟೂ ಇನ್ನೂರ ಮೂವತ್ತು, ಇಲ್ಲೀದೂ ಇನ್ನೂರ ಮೂವತ್ತು. ಹಿಂದ ಬರದಾರ ನೋಡ್ರಿ."

ಆಗ ಮೇಲ್ವಿಚಾರಕಿ ಬಸವರಾಜೇಶ್ವರಿ ಅವರು ಮುಂದೆ ಬಂದರು. ಕೇಂದ್ರದ ನಿಯಮಗಳೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು. ಇಲ್ಲದ ನಿಯಮಗಳೂ ಸಮಯಕ್ಕೆ ಸರಿಯಾಗಿ ಅಲ್ಲಿಗೆ ಬರುತ್ತಿದ್ದವು. ಅವರು ಗ್ಯಾರಂಟಿ ಕಾರ್ಡನ್ನು ಬಿಡಿಸಿ ತೋರಿಸಿದರು. ಅದು ಡ್ಯಾನಿಶ್ ಭಾಷೆಯಲ್ಲಿತ್ತು. ಯಾರಿಗೂ ಅರ್ಥವಾಗದ್ದರಿಂದ ಅದರ ಮೇಲೆ ಎಲ್ಲರಿಗೂ ಅಪಾರ ಗೌರವ ಹುಟ್ಟಿತು. ಕೊನೆಯಲ್ಲೊಂದು ಚಿತ್ರವಿತ್ತು: ಒಂದು ವೈರು, ಪಕ್ಕದಲ್ಲಿ ಕತ್ತರಿ, ಕತ್ತರಿಯ ಮೇಲೆ ಅಡ್ಡಗೀಟು.

"ಕತ್ತರಿಸೋ ಹಾಗಿಲ್ಲ ಸಾರ್. ಕತ್ತರಿಸಿದ್ರೆ ಗ್ಯಾರಂಟಿ ಹೋಗತ್ತೆ. ಗ್ಯಾರಂಟಿ ಹೋದ್ರೆ ಆಡಿಟ್ಟಲ್ಲಿ ನಿಮ್ಮ ಹೆಸರು ಬರತ್ತೆ."

ಮಧುಕುಮಾರ್ ಅವರು ಪ್ಲಗ್ಗನ್ನು ಮೆಲ್ಲಗೆ ಕೆಳಗಿಟ್ಟು ಕೈ ಒರೆಸಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ಯಲ್ಲಪ್ಪ ಎಲ್ಲರಿಗಿಂತ ಮೊದಲು ಬಂದ. ಕತ್ತರಿಸಬಾರದು ತಾನೇ? ಸರಿ. ಒಂದು ಮೊಳ ವೈರು ತೆಗೆದುಕೊಂಡು ಎರಡೂ ತುದಿ ಸುಲಿದ. ಒಂದು ತುದಿಯನ್ನು ಡೆನ್ಮಾರ್ಕ್‌ನ ಕಡ್ಡಿಗಳಿಗೆ ಸುತ್ತಿ ಟೇಪು ಹಚ್ಚಿದ. ಇನ್ನೊಂದು ತುದಿಯನ್ನು ಗೋಡೆಯ ತೂತುಗಳಿಗೆ ಇಳಿಸಿ, ಅಲುಗಾಡದಂತೆ ಎರಡು ಬೆಂಕಿಕಡ್ಡಿ ಸಿಕ್ಕಿಸಿದ. ಆರ್ಕೆಸ್ಟ್ರಾ, ಗಣಪತಿ ಪೆಂಡಾಲು, ಮದುವೆ ಮನೆಯ ಸೀರಿಯಲ್ ಸೆಟ್ಟು ಎಲ್ಲವೂ ಈ ಊರಿನಲ್ಲಿ ನಡೆಯುವುದೇ ಬೆಂಕಿಕಡ್ಡಿಯ ಮೇಲೆ. ಯಂತ್ರವೂ ತಕರಾರಿಲ್ಲದೆ ಗುಂಯ್ ಎಂದಿತು. ಪರೀಕ್ಷೆಗೆ ಒಂದು ಅರ್ಜಿ ಬೇಕಾಗಿತ್ತು. ರಾಶಿಯ ಮೇಲೆ ಯಲ್ಲಪ್ಪನದೇ ಇತ್ತು, ಏಕೆಂದರೆ ಅವನೇ ಅದನ್ನು ಮೇಲೆ ಇಟ್ಟಿದ್ದ. ಅರ್ಧ ನಿಮಿಷದಲ್ಲಿ ಬಿಸಿಬಿಸಿ ಕಾರ್ಡು ಹೊರಬಂತು. ಯಲ್ಲಪ್ಪ, ಲಗ್ಗೆರೆ, ಬೆಂಗಳೂರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಹೆಸರೂ ಲಗ್ಗೆರೆಯೂ ಒಂದೇ ಕಡೆ ಕೂತಿದ್ದವು. ಅವನ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಬಸವರಾಜೇಶ್ವರಿ ಅವರು ಒಳಬಂದರು. ಬೆಂಕಿಕಡ್ಡಿ ನೋಡಿದರು. ಕಾರ್ಡು ನೋಡಿದರು.

"ಈ ಕರೆಂಟ್ ಯಾರ ಆದೇಶದ ಮೇಲೆ ಒಳಗೆ ಬಂತು?"

"ಕರೆಂಟಿಗೆ ಆದೇಶ ಏನ್ರಿ ಮೇಡಂ? ಸ್ವಿಚ್ ಒತ್ತಿದೆ, ಬಂತು."

"ಆದೇಶ ಇಲ್ಲದೆ ಬಂದಿದ್ದು ಅನಧಿಕೃತ ಕರೆಂಟು. ಅನಧಿಕೃತ ಕರೆಂಟಲ್ಲಿ ಅಚ್ಚಾದ ಕಾರ್ಡು ಅಸಿಂಧು. ಇಲ್ಲಿ ಕೊಡಿ."

ಕಾರ್ಡು ಇನ್ನೂ ಬೆಚ್ಚಗಿರುವಾಗಲೇ ಅದನ್ನು ಸಾಕ್ಷ್ಯವೆಂದು ಲಕೋಟೆಗೆ ಹಾಕಿ ಅರಗು ಹಚ್ಚಿದರು. ಬೆಂಕಿಕಡ್ಡಿಗಳಿಗೆ ಬೇರೆ ಲಕೋಟೆ. ವಿಚಾರಣೆ ಮುಗಿಯುವವರೆಗೆ ಯಲ್ಲಪ್ಪ ಇನ್ನೊಂದು ಅರ್ಜಿ ಹಾಕತಕ್ಕದ್ದಲ್ಲ ಎಂದು ಆದೇಶವಾಯಿತು. ಒಬ್ಬ ಮನುಷ್ಯ ಎರಡು ಕಡೆ ವಾಸಿಸಲು ಸಾಧ್ಯವಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಮನೆಗೆ ಹೋಗಿ ನಡೆದದ್ದನ್ನು ಹೇಳಿದಾಗ ಪಾರವ್ವ ಸ್ಟವ್ವಿಗೆ ಪಂಪು ಹೊಡೆದಳು, ಅಷ್ಟೇ.

ಸಮಸ್ಯೆಯನ್ನು ಶಾಸ್ತ್ರೀಯವಾಗಿ ಬಗೆಹರಿಸಬೇಕೆಂದು ಮಧುಕುಮಾರ್ ಅವರು ತೀರ್ಮಾನಿಸಿದರು. ಪ್ರಪಂಚದ ಪ್ಲಗ್ಗುಗಳ ಅಧ್ಯಯನಕ್ಕೆ ಇಬ್ಬರು ಸದಸ್ಯರ ನಿಯೋಗ ರಚನೆಯಾಯಿತು. ಒಬ್ಬರು ಸ್ವತಃ ಮಧುಕುಮಾರ್. ಇನ್ನೊಬ್ಬರು ಮುನಿಯಪ್ಪ. ಕೇಂದ್ರದ ಕಟ್ಟಡವೂ ಮುನಿಯಪ್ಪನವರದೇ ಆದ್ದರಿಂದ ಗೋಡೆಯ ಪರವಾಗಿ ಅವರು ಹೋಗುವುದು ಅನಿವಾರ್ಯವಾಗಿತ್ತು. ವೈರಿನ ಪರವಾಗಿ ಯಲ್ಲಪ್ಪನನ್ನು ಕರೆದೊಯ್ಯುವ ಪ್ರಸ್ತಾಪವೂ ಬಂದಿತ್ತು. ಅವನಿಗೆ ಪ್ಲಗ್ಗುಗಳ ಬಗ್ಗೆ ಮೊದಲೇ ಗೊತ್ತಿದ್ದುದರಿಂದ ಅಧ್ಯಯನದ ಅಗತ್ಯವಿಲ್ಲವೆಂದು ಕೈಬಿಟ್ಟರು.

ನಿಯೋಗವು ಹತ್ತೊಂಬತ್ತು ದಿನಗಳಲ್ಲಿ ಏಳು ದೇಶಗಳನ್ನು ಸುತ್ತಿ ಬಂದು ವರದಿ ಸಲ್ಲಿಸಿತು. ಇಂಗ್ಲೆಂಡಿನಲ್ಲಿ ಪ್ಲಗ್ಗಿಗೆ ಮೂರು ದಪ್ಪ ಚಪ್ಪಟೆ ಕಡ್ಡಿಗಳಿದ್ದು, ಬರಿಗಾಲಲ್ಲಿ ತುಳಿದರೆ ಪ್ರಾಣ ಹೋದಂತಾಗುತ್ತದೆ; ಮುನಿಯಪ್ಪನವರು ತುಳಿದು ಖಚಿತಪಡಿಸಿದ್ದಾರೆ. ಅಮೆರಿಕದಲ್ಲಿ ಸಾಕೆಟ್ಟಿನ ಮುಖ ಏನನ್ನೋ ಕಂಡು ಗಾಬರಿಯಾದಂತಿದೆ. ಜಪಾನಿನಲ್ಲಿ ಬಾಯಿಲ್ಲ, ಕಣ್ಣು ಮಾತ್ರ. ಆಸ್ಟ್ರೇಲಿಯಾದಲ್ಲಿ ತೂತುಗಳು ಓರೆಯಾಗಿ ಅಳುಮುಖವಿದೆ. ಇಟಲಿಯಲ್ಲಿ ಮೂರು ತೂತೂ ಬಸ್ಸಿಗೆ ನಿಂತಂತೆ ಸಾಲಾಗಿವೆ. ಸ್ವಿಟ್ಜರ್ಲೆಂಡಿನಲ್ಲಿ ನಡುವಿನದು ಬಸ್ಸು ಬಂತೇ ಎಂದು ಸಾಲಿನಿಂದ ಇಣುಕಿ ನೋಡುತ್ತಿದೆ. ದಕ್ಷಿಣ ಆಫ್ರಿಕಾದ ದಪ್ಪ ಪ್ಲಗ್ಗು ನಮ್ಮ ಗೀಸರಿನದೇ ಆಗಿದ್ದು, ಅದನ್ನು ಕಂಡು ನಿಯೋಗಕ್ಕೆ ಮನೆಯ ನೆನಪಾಯಿತು. ಡೆನ್ಮಾರ್ಕ್‌ನ ಪ್ಲಗ್ಗು ಕಚೇರಿಯಲ್ಲಿಯೇ ಲಭ್ಯವಿರುವುದರಿಂದ ಆ ದೇಶಕ್ಕೆ ಭೇಟಿ ನೀಡುವುದು ಅನಗತ್ಯವೆಂದು ಕಂಡುಬಂದಿದೆ.

ನಿಯೋಗ ಬರುವಾಗ ಏಳು ದೇಶದ ಅಡಾಪ್ಟರುಗಳನ್ನು ತಂದಿತ್ತು. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದರು. ಭಾರತದ ಗೋಡೆಗೆ ಇಂಗ್ಲೆಂಡು, ಇಂಗ್ಲೆಂಡಿಗೆ ಅಮೆರಿಕ, ಅಮೆರಿಕಕ್ಕೆ ಆಸ್ಟ್ರೇಲಿಯಾ ಹೀಗೆ ಸಾಗಿ ಅದು ಗೋಡೆಯಿಂದ ಒಂದೂವರೆ ಅಡಿ ಹೊರಗೆ ಬಂತು. ಭಾರಕ್ಕೆ ಬೀಳದಿರಲೆಂದು ಕೆಳಗೊಂದು ಸ್ಟೂಲು ಇಟ್ಟರು. ಆ ಸ್ಟೂಲಿನ ಮೇಲೆ ಯಾರೂ ಕೂರಬಾರದೆಂದು ಜ್ಞಾಪನ ಹೊರಡಿಸಿದರು. ತುದಿಯಲ್ಲಿದ್ದದ್ದು ಇಟಲಿ. ಡೆನ್ಮಾರ್ಕ್‌ನ ಪ್ಲಗ್ಗು ಅದರೊಳಗೂ ಹೋಗಲಿಲ್ಲ.

ಬೇರೆ ದಾರಿ ಕಾಣದೆ ಕೇಂದ್ರವು ಯಂತ್ರದ ಕಂಪನಿಗೇ ಪತ್ರ ಬರೆಯಿತು. ಅವರು ತಮ್ಮ ದೇಶದ ಒಂದು ಸಾಕೆಟ್ಟನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸಿಕೊಟ್ಟರು. ಜೊತೆಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಪ್ಲಗ್ಗನ್ನೇ ಬದಲಾಯಿಸಿದರೆ ಸುಲಭವಲ್ಲವೇ, ಕತ್ತರಿಯ ಚಿತ್ರ ಇರುವುದು ಕರೆಂಟು ಹರಿಯುವಾಗ ಕತ್ತರಿಸಬೇಡಿ ಎಂದು. ಈ ಪತ್ರವನ್ನು ಬಸವರಾಜೇಶ್ವರಿ ಅವರು ಅಭಿನಂದನಾ ಪತ್ರಗಳ ಕಡತಕ್ಕೆ ಸೇರಿಸಿದರು.

ಸಾಕೆಟ್ಟನ್ನು ಬಿಚ್ಚಿದಾಗ ಎಲ್ಲರಿಗೂ ಸಂತೋಷವಾಯಿತು. ಅದರಲ್ಲಿ ಎರಡು ದುಂಡು ಕಣ್ಣು, ಕೆಳಗೊಂದು ನಗುವ ಬಾಯಿ. ಇಷ್ಟು ವರ್ಷದ ಸೇವೆಯಲ್ಲಿ ಕೇಂದ್ರದೊಳಗೆ ಸಾರ್ವಜನಿಕರನ್ನು ನೋಡಿ ನಕ್ಕ ಮೊದಲ ಮುಖ ಅದು. ಯಲ್ಲಪ್ಪ ಟೆಸ್ಟರ್ ತೆಗೆದ. ಆದರೆ ತಪಾಸಣೆಗೆ ಬಂದ ವಿದ್ಯುತ್ ಇನ್ಸ್‌ಪೆಕ್ಟರು ತಡೆದರು.

"ಭಾರತದ ಗೋಡೆಗೆ ಭಾರತದ ಸಾಕೆಟ್ಟೇ ಇರ್ಬೇಕು. ಇದನ್ನ ಹಾಕಿದ್ರೆ ನಾನು ಸಹಿ ಮಾಡಲ್ಲ."

ಮಧುಕುಮಾರ್ ಅವರು ತಲೆಯ ಮೇಲೆ ಕೈಹೊತ್ತು ಕೂತರು. ಯಂತ್ರ ಬಂದು ಆರು ತಿಂಗಳಾಗಿತ್ತು. ಕೆಳಗೆ ಅರ್ಜಿದಾರರ ಸಾಲು ಬಸ್ ಸ್ಟಾಪಿನವರೆಗೆ ಬೆಳೆದಿತ್ತು, ಬಸ್ಸಿಗೆ ಕಾಯುವವರೂ ಕಾರ್ಡಿಗೆ ಕಾಯುವವರೂ ಬೆರೆತುಹೋಗಿದ್ದರು. ಆಗ ಬಸವರಾಜೇಶ್ವರಿ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಹೇಳಿದರು:

"ಗೋಡೆ ಭಾರತದಲ್ಲಿ ಇದ್ರೆ ತಾನೇ ಸಾರ್ ಈ ತೊಂದರೆ?"

ಇನ್ಸ್‌ಪೆಕ್ಟರು ತಮಗೆ ಆಕ್ಷೇಪಣೆಯಿಲ್ಲ ಎಂದರು. ಡೆನ್ಮಾರ್ಕ್ ಅವರ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಸುತ್ತೋಲೆ ಹೀಗಿತ್ತು: "ಮೂರನೆಯ ಕೊಠಡಿಯನ್ನು ವಿದ್ಯುತ್ತಿಗೆ ಸಂಬಂಧಿಸಿದ ಎಲ್ಲ ಉದ್ದೇಶಗಳಿಗಾಗಿ ಡೆನ್ಮಾರ್ಕ್ ದೇಶದ ಭಾಗವೆಂದು ಪರಿಗಣಿಸತಕ್ಕದ್ದು. ಸದರಿ ಕೊಠಡಿಯಲ್ಲಿ ದೀಪ, ಫ್ಯಾನು, ಕರೆಗಂಟೆ ಹಾಗೂ ಯಂತ್ರ ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವುದರಿಂದ ಸಂಬಂಧಿಸದ ಉದ್ದೇಶಗಳು ಯಾವುವೂ ಇರುವುದಿಲ್ಲ. ಹೊಸ್ತಿಲು ಉಭಯ ದೇಶಗಳಿಗೆ ಸೇರಿದ್ದು, ಅದರ ಮೇಲೆ ನಿಲ್ಲತಕ್ಕದ್ದಲ್ಲ."

ಅಂದೇ ಯಲ್ಲಪ್ಪ ಸಾಕೆಟ್ಟು ಕೂರಿಸಿದ. ಐದೇ ನಿಮಿಷ ಹಿಡಿಯಿತು. ಪ್ಲಗ್ಗು ಒಳಹೋಯಿತು, ಯಂತ್ರ ಗುಂಯ್ ಎಂದಿತು, ಸಿಬ್ಬಂದಿ ಹೊಸ್ತಿಲಾಚೆಯಿಂದ ಚಪ್ಪಾಳೆ ತಟ್ಟಿದರು.

ಹೊಸ್ತಿಲಾಚೆಯಿಂದ ಏಕೆಂದರೆ ಒಳಗೆ ಬರಲು ಯಾರೂ ಒಪ್ಪಲಿಲ್ಲ. ಖಾಯಂ ನೌಕರರನ್ನು ವಿದೇಶಕ್ಕೆ ನಿಯೋಜಿಸಲು ಸರ್ಕಾರದ ಅನುಮತಿ ಬೇಕು, ಭತ್ಯೆ ಬೇಕು, ಉಣ್ಣೆಯ ಕೋಟು ಬೇಕು. ದಿನಗೂಲಿಯವನಿಗೆ ಸೇವಾ ನಿಯಮಗಳೇ ಇಲ್ಲದ್ದರಿಂದ ಅವನನ್ನು ಯಾವ ದೇಶಕ್ಕೆ ಬೇಕಾದರೂ ಕಳಿಸಬಹುದಾಗಿತ್ತು. ಹೀಗೆ ಯಲ್ಲಪ್ಪ ಯಂತ್ರದ ನಿರ್ವಾಹಕನಾದ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟರು. ಅವನು ಪ್ರತಿದಿನ ಒಳಬರುವಾಗ ಸಹಿ ಹಾಕಬೇಕು. ಪುಸ್ತಕದಲ್ಲಿ ಒಳಬಂದವರ ಕಾಲಂ ಇತ್ತು. ಹೊರಹೋದವರ ಕಾಲಂ ಅಚ್ಚು ಹಾಕಿಸಿರಲಿಲ್ಲ, ಅಷ್ಟು ಅಗಲದ ಕಾಗದ ದಾಸ್ತಾನಿನಲ್ಲಿರಲಿಲ್ಲ.

ಕೆಲಸದ ವೇಳೆಯೂ ಬದಲಾಯಿತು. ಡೆನ್ಮಾರ್ಕ್‌ನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಹತ್ತಾದಾಗ ಇಲ್ಲಿ ಮಧ್ಯಾಹ್ನ ಒಂದೂವರೆ, ಅಂದರೆ ಹೊರಗಿನ ಸಿಬ್ಬಂದಿಯ ಊಟದ ಸಮಯ. ಅವರು ಉಂಡು, ಎಲೆಯಡಿಕೆ ಹಾಕಿ ಬರುವಷ್ಟರಲ್ಲಿ ಎರಡೂಕಾಲು. ಇಲ್ಲಿ ನಾಲ್ಕೂವರೆಯಾದರೆ ಡೆನ್ಮಾರ್ಕ್‌ನ ಊಟದ ಸಮಯ. ಆ ಊಟ ಮುಗಿಯುವಷ್ಟರಲ್ಲಿ ಭಾರತ ಬಾಗಿಲು ಹಾಕುತ್ತಿತ್ತು. ಉಳಿದ ಎರಡೂಕಾಲು ಗಂಟೆಯಲ್ಲಿ ಯಲ್ಲಪ್ಪ ಬೆವರು ಒರೆಸಿಕೊಳ್ಳುತ್ತ ಕಾರ್ಡು ಅಚ್ಚು ಹಾಕಿ ಹೊಸ್ತಿಲಾಚೆಗೆ ಚಾಚುತ್ತಿದ್ದ. ಇದಕ್ಕೆ ಜನ ಬೇಗ ಒಗ್ಗಿಕೊಂಡರು. "ಆಂಟಿ, ಈಗ ಹೋಗ್ಬೇಡಿ, ಅಲ್ಲಿನ್ನೂ ಬೆಳಗಾಗಿಲ್ಲ" ಎಂದು ಸಾಲಿನಲ್ಲಿದ್ದವರೇ ಹೊಸಬರಿಗೆ ಹೇಳುತ್ತಿದ್ದರು. ವಾರಕ್ಕೆರಡು ಸಲ ಕರೆಂಟು ಹೋದಾಗ ಡೆನ್ಮಾರ್ಕ್‌ನಲ್ಲಿಯೂ ಹೋಗುತ್ತಿತ್ತು. ಮುಂದುವರಿದ ದೇಶಗಳಲ್ಲೂ ಪರಿಸ್ಥಿತಿ ಹೀಗೇ ಎಂದು ತಿಳಿದು ಅನೇಕರಿಗೆ ಸಮಾಧಾನವಾಯಿತು.

ಆಯುಧಪೂಜೆ ಬಂತು. ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ನಗುವ ಸಾಕೆಟ್ಟಿನ ಎರಡು ಕಣ್ಣುಗಳ ಮೇಲೆ ವಿಭೂತಿ ಎಳೆದು ಕುಂಕುಮ ಇಟ್ಟರು. ಬೂದುಗುಂಬಳಕಾಯಿಯನ್ನು ಹೊಸ್ತಿಲಿಗೆ ಒಡೆದಾಗ ಅರ್ಧ ಭಾರತಕ್ಕೆ, ಅರ್ಧ ಡೆನ್ಮಾರ್ಕ್‌ಗೆ ಉರುಳಿತು. ಆ ಅರ್ಧವನ್ನು ಗುಡಿಸುವವರು ಯಾರು ಎಂಬ ಪ್ರಶ್ನೆ ಮೂರು ದಿನ ಕಡತದಲ್ಲಿತ್ತು. ಕೊನೆಗೆ ಯಲ್ಲಪ್ಪ ಗುಡಿಸಿದ.

ಮುನಿಯಪ್ಪನವರು ಸುಮ್ಮನೆ ಕೂರುವ ಜಾಯಮಾನದವರಲ್ಲ. ಕಟ್ಟಡದ ಎದುರಿನ ಜಾಗದಲ್ಲಿ ಆಗಲೇ ಏಳುತ್ತಿದ್ದ ತಮ್ಮ ಅಪಾರ್ಟ್‌ಮೆಂಟಿಗೆ "ಡೆನ್ಮಾರ್ಕ್ ಫೇಸಿಂಗ್ ಫ್ಲಾಟುಗಳು ಲಭ್ಯ" ಎಂದು ಬೋರ್ಡು ಹಾಕಿದರು. ಪೂರ್ವ ದಿಕ್ಕಿನ ಬಾಗಿಲಿಗಿಂತ ಅದಕ್ಕೇ ಬೇಡಿಕೆ ಹೆಚ್ಚಾಯಿತು. ಮಧ್ಯಾಹ್ನದ ಹೊತ್ತು ಕೊಳ್ಳುವವರನ್ನು ಬಾಲ್ಕನಿಗೆ ಕರೆತಂದು ಮೂರನೆಯ ಕೊಠಡಿಯ ಕಿಟಕಿ ತೋರಿಸುತ್ತಿದ್ದರು. ಒಳಗೆ ಯಲ್ಲಪ್ಪ ಬಗ್ಗಿ ಕೆಲಸ ಮಾಡುತ್ತಿರುವುದು ಕಾಣುತ್ತಿತ್ತು.

"ಅಗೋ, ಅಲ್ಲಿ ಬನೀನಲ್ಲಿ ಇದಾನಲ್ಲ, ಅವನು ಅಲ್ಲಿಯವನೇ" ಎನ್ನುತ್ತಿದ್ದರು ಮುನಿಯಪ್ಪ. "ನಮ್ಮಪ್ಪ ಇಲ್ಲಿ ರಾಗಿ ಬೆಳೀತಿದ್ದ ಸಾ. ಈಗ ನೋಡಿ, ಅದೇ ಹೊಲದಾಗೆ ಫಾರಿನ್ನು."

ಇತ್ತ ಯಲ್ಲಪ್ಪ ನಾಲ್ಕು ಸಾವಿರ ಕಾರ್ಡು ಅಚ್ಚು ಹಾಕಿದ್ದ. ಬಾಣಸವಾಡಿಯಿಂದ ಬಂದು ಲಗ್ಗೆರೆಯ ವಿಳಾಸ ಕೊಟ್ಟವರಿಗೂ ಹಾಕಿದ್ದ. ಹೋದ ತಿಂಗಳಷ್ಟೇ ಲಗ್ಗೆರೆಗೆ ಬಂದವರಿಗೂ ಹಾಕಿದ್ದ. ಪ್ರತಿ ಕಾರ್ಡು ಬೆಚ್ಚಗೆ ಕೈಗೆ ಬಂದಾಗಲೂ ಅವನಿಗೆ ಅರಗಿನ ಲಕೋಟೆ ನೆನಪಾಗುತ್ತಿತ್ತು. ಖಾಲಿ ಕಾರ್ಡುಗಳಿಗೆಲ್ಲ ನಂಬರು ಇತ್ತು, ಕದ್ದು ಹಾಕಿಕೊಳ್ಳುವಂತಿರಲಿಲ್ಲ. ಮನೆಗೆ ಹೋದರೆ ಪಾರವ್ವ ಕೇಳುತ್ತಿದ್ದಳು: "ಮಂದಿಗೆಲ್ಲಾ ಮನಿ ಕೊಡಾಕತ್ತೀರಿ. ನಮ್ಮ ಮನಿ ಯಾವಾಗ?"

ಸಂಕ್ರಾಂತಿ ಕಳೆದ ಮೂರನೆಯ ದಿನ ವಿಚಾರಣೆಯ ತೀರ್ಪು ಬಂತು. ಬೆಂಕಿಕಡ್ಡಿಗಳು ಮರದವಾಗಿದ್ದು, ಮರದಲ್ಲಿ ಕರೆಂಟು ಹರಿಯುವುದಿಲ್ಲವಾದ್ದರಿಂದ ಅವು ನಿರಪರಾಧಿಗಳೆಂದೂ, ಯಲ್ಲಪ್ಪ ಹೊಸ ಅರ್ಜಿ ಸಲ್ಲಿಸಬಹುದೆಂದೂ ಅದರಲ್ಲಿತ್ತು. ಯಲ್ಲಪ್ಪ ಟೆಸ್ಟರನ್ನು ಪಕ್ಕಕ್ಕಿಟ್ಟು, ಸಾಲ ತಂದ ಪೆನ್ನಿನಿಂದ ಅಲ್ಲಿಯೇ ಅರ್ಜಿ ತುಂಬಿದ. ಹೊಸ್ತಿಲಾಚೆ ಕೂತಿದ್ದ ಬಸವರಾಜೇಶ್ವರಿ ಅವರಿಗೆ ಕೊಟ್ಟ. ಅವರು ಓದಿದರು. ಬಾಗಿಲ ಪುಸ್ತಕ ತರಿಸಿ ಹಾಳೆ ತಿರುವಿದರು. ಬೆರಳು ಮಡಿಚಿ ಲೆಕ್ಕ ಹಾಕಿದರು.

"ಯಲ್ಲಪ್ಪ, ಇದು ಆಗಲ್ವಲ್ಲಪ್ಪಾ."

"ಯಾಕ್ರೀ ಮೇಡಂ?"

"ಜುಲೈ ಹತ್ತಕ್ಕೆ ಡೆನ್ಮಾರ್ಕ್‌ಗೆ ಹೋಗಿದೀರ. ಮಾರನೇ ದಿನ ಮತ್ತೆ ಹೋಗಿದೀರ. ಒಂದ್ಸಲಾನೂ ವಾಪಸ್ ಬಂದಿಲ್ಲ. ನೂರೆಂಬತ್ತೆರಡು ದಿನ ದಾಟಿಹೋಯ್ತು. ಇಷ್ಟು ದಿನ ಹೊರದೇಶದಲ್ಲಿ ಇದ್ದವರಿಗೆ ಲಗ್ಗೆರೆ ಕಾರ್ಡ್ ಹೇಗೆ ಕೊಡ್ಲಿ? ನೀವು ಈಗ ಅನಿವಾಸಿ."

"ಮೇಡಂ, ನಾ ದಿನಾ ಸಂಜಿಗೆ ಮನಿಗೆ ಹೋಗ್ತೀನ್ರಿ! ನಿಮ್ಮ ಮುಂದನ ಹೋಗ್ತೀನಿ. ನಿನ್ನೆ ನಿಮ್ಮ ಟಿಫನ್ ಡಬ್ಬಿ ಬಸ್‌ಸ್ಟಾಪ್ ತನಕ ನಾನ ಹೊತ್ತೀನಿ."

"ನಾನು ನೋಡಿದೀನಿ. ಪುಸ್ತಕ ನೋಡಿಲ್ವಲ್ಲ."

"ಹಂಗಾರ ನನ್ನ ಮನಿ ಎಲ್ಲೈತ್ರಿ?"

ಅವನು ಅದನ್ನು ಜೋರಾಗಿ ಕೇಳಲಿಲ್ಲ, ಆದರೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. ಬಸವರಾಜೇಶ್ವರಿ ಅವರು ಕೆಟ್ಟವರಲ್ಲ. ನಿಯಮದಲ್ಲಿ ಎಲ್ಲಾದರೂ ಒಂದಿಷ್ಟು ಜಾಗ ಸಿಕ್ಕಿದರೆ ಅಲ್ಲಿ ಮನುಷ್ಯರನ್ನು ಕೂರಿಸಲು ಅವರಿಗೆ ಯಾವ ತಕರಾರೂ ಇರಲಿಲ್ಲ. ಒಂದು ಹಾಳೆ ತೆಗೆದುಕೊಂಡು ತಾವೇ ಬರೆದರು: "ಯಲ್ಲಪ್ಪ ಎಂಬುವವರು ಸಕುಟುಂಬರಾಗಿ ಡೆನ್ಮಾರ್ಕ್, ಮೂರನೆಯ ಕೊಠಡಿ, ಮೊದಲ ಮಹಡಿ, ನಂದಿನಿ ಲೇಔಟ್, ಬೆಂಗಳೂರು ತೊಂಬತ್ತಾರು, ಈ ವಿಳಾಸದ ನಿವಾಸಿಯೆಂದು ದೃಢೀಕರಿಸಲಾಗಿದೆ."

ಕಟ್ಟಡದ ಮಾಲೀಕರ ಒಪ್ಪಿಗೆ ಬೇಕಾಗಿತ್ತು. ಮುನಿಯಪ್ಪನವರನ್ನು ಎದುರಿನ ಅಪಾರ್ಟ್‌ಮೆಂಟಿನಿಂದ ಕರೆಸಿದರು. ಲಗ್ಗೆರೆಯ ಕಾಗದಕ್ಕೆ ಒಂಬತ್ತು ವರ್ಷ ಸಹಿ ಹಾಕದಿದ್ದವರು ಈ ಕಾಗದಕ್ಕೆ ನಿಂತ ನಿಲುವಿನಲ್ಲೇ ಹಾಕಿದರು. "ಅವನು ಡೆನ್ಮಾರ್ಕ್‌ನವನು ಅಂತ ನಾನು ದಿನಾ ಹೇಳ್ತಾನೇ ಇದೀನಲ್ಲ. ಇದ್ದೋನು ಇದ್ದಾನೆ ಅಂತ ಬರ್ಕೊಡೋಕೆ ಏನಂತೆ? ಫ್ಲಾಟಿಗೂ ಒಳ್ಳೇದು" ಎಂದರು.

ಯಲ್ಲಪ್ಪ ಆ ಕಾಗದ ಹಿಡಿದು, ಬೈಸಿಕೊಳ್ಳಲು ಸಿದ್ಧನಾಗಿಯೇ ಗ್ಯಾಸ್ ಏಜೆನ್ಸಿಗೆ ಹೋದ. ಅಲ್ಲಿಯ ಗುಮಾಸ್ತೆ ಪ್ರಭಾ ಅದನ್ನು ಎರಡು ಸಲ ಓದಿದಳು. ಗುಂಡು ಮೊಹರು ಇದೆಯೇ? ಇದೆ. ಮಾಲೀಕರ ಸಹಿ? ಇದೆ. ಪಿನ್‌ಕೋಡ್ ತಮ್ಮ ಏರಿಯಾದ್ದೇ? ಹೌದು.

"ಡೆನ್ಮಾರ್ಕ್ ಅಂದ್ರೆ ಅದೇ ಅಲ್ವಾ ಅಣ್ಣ, ಬಸ್‌ಸ್ಟಾಪ್ ಎದುರುಗಡೆ ಮೇಲ್ಗಡೆ? ಗಾಡಿ ಹೋಗತ್ತೆ. ನಾಳೆ ಬರತ್ತೆ. ಆದ್ರೆ ಒಂದು, ವಿಳಾಸದಲ್ಲಿ ಇರೋ ಕಡೆಗೇ ಹಾಕ್ತೀವಿ. ಬೇರೆ ಕಡೆ ತಗೊಂಡು ಹೋಗಂಗಿಲ್ಲ."

ಮಾರನೆಯ ದಿನ ಸಿಲಿಂಡರು ಮೆಟ್ಟಿಲು ಹತ್ತಿ ಹೊಸ್ತಿಲು ದಾಟಿ ಡೆನ್ಮಾರ್ಕ್ ಪ್ರವೇಶಿಸಿತು. ಒಳಬಂದವರ ಕಾಲಮಿನಲ್ಲಿ ಅದರ ನಂಬರು ಬರೆದುಕೊಂಡರು. ಅದರ ಹಿಂದೆಯೇ ಲಗ್ಗೆರೆಯಿಂದ ಪಾರವ್ವ ಬಂದಳು. ತಲೆಯ ಮೇಲೆ ಹೊಸ ಗ್ಯಾಸ್ ಒಲೆ, ಸೊಂಟದಲ್ಲಿ ಹಂಚು, ಕೈಯಲ್ಲಿ ಹಿಟ್ಟಿನ ಡಬ್ಬಿ. ಹೊಸ್ತಿಲ ಮುಂದೆ ನಿಂತು ಎಡಗಾಲು ಇಡಬೇಕೋ ಬಲಗಾಲೋ ಎಂದು ಯೋಚಿಸಿ, ಹೊಸ ಮನೆಗೆ ಕಾಲಿಟ್ಟಂತೆ ಬಲಗಾಲಿಟ್ಟು ಒಳಬಂದಳು. ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಗೋಡೆಯ ಮೇಲೆ ನಗುತ್ತಿದ್ದ ಸಾಕೆಟ್ಟನ್ನು ನೋಡಿದಳು.

"ಇವ ಯಾರ್ರೀ?"

"ಮನೀ ಮಾಲಕ ಅಂತ ತಿಳಕೋ" ಎಂದ ಯಲ್ಲಪ್ಪ.

"ನಕ್ಕೋತ ಇದಾನಲ್ಲ! ಇಂಥಾ ಮಾಲಕನ್ನ ನಾ ನೋಡಿದ್ದಿಲ್ಲ" ಎಂದು ಪಾರವ್ವ ಯಂತ್ರದ ಪಕ್ಕದ ಮೇಜಿನ ಮೇಲೆ ಒಲೆ ಇಟ್ಟಳು.

ಹಚ್ಚಲು ಬೆಂಕಿಕಡ್ಡಿ ಬೇಕಾಗಿತ್ತು. ಬಸವರಾಜೇಶ್ವರಿ ಅವರು ಕಪಾಟಿನಿಂದ ಒಂದು ಲಕೋಟೆ ತಂದು, ಅರಗು ಒಡೆದು, ನಿರಪರಾಧಿಗಳಾದ ಎರಡು ಕಡ್ಡಿಗಳನ್ನು ಸಹಿ ಪಡೆದು ಹಿಂದಿರುಗಿಸಿದರು. ಮೊದಲನೆಯದು ಮುರಿಯಿತು. ಎರಡನೆಯದನ್ನು ಮಧುಕುಮಾರ್ ಅವರ ಖಾಲಿ ಬೆಂಕಿಪೊಟ್ಟಣಕ್ಕೆ ಗೀರಿದಾಗ ಒಂದೇ ಏಟಿಗೆ ಹತ್ತಿತು. ನೀಲಿ ಉರಿ ಎದ್ದಿತು. ಪಾರವ್ವ ಹಿಟ್ಟು ನಾದಿ, ಟಪಟಪ ಎಂದು ರೊಟ್ಟಿ ಬಡಿದಳು. ಒಂದು ಕಡೆ ಯಂತ್ರದಿಂದ ಕಾರ್ಡು ಬರುತ್ತಿತ್ತು, ಇನ್ನೊಂದು ಕಡೆ ಹಂಚಿನಿಂದ ರೊಟ್ಟಿ. ಮೊದಲ ರೊಟ್ಟಿಯನ್ನು ಯಲ್ಲಪ್ಪ ಮುರಿದು ಬಾಯಿಗಿಟ್ಟ. ಎರಡನೆಯ ತುತ್ತಿಗೆ ಸ್ವಲ್ಪ ಹೊತ್ತು ಕಾದ. ಅದಕ್ಕೂ ಜೋಳದ್ದೇ ರುಚಿ ಇತ್ತು, ಮೂರನೆಯದಕ್ಕೂ. ಅವನಿಗೆ ಅಳು ಬಂತು, ರೊಟ್ಟಿ ಬಿಸಿ ಇದೆ ಎಂದು ನೆಪ ಹೇಳಿದ.

ಅಂದಿನಿಂದ ಡೆನ್ಮಾರ್ಕ್‌ನ ಊಟದ ಸಮಯಕ್ಕೆ ಸಿಬ್ಬಂದಿಯೆಲ್ಲ ತಟ್ಟೆ ಹಿಡಿದು ಹೊಸ್ತಿಲ ಈಚೆ ಸಾಲು ನಿಲ್ಲುತ್ತಾರೆ. ವಿದೇಶಕ್ಕೆ ಹೋಗಲು ಈಗ ಖಾಯಂ ನೌಕರರಲ್ಲೂ ಜ್ಯೇಷ್ಠತಾ ಪಟ್ಟಿ ತಯಾರಾಗಿದೆ. ಡೆನ್ಮಾರ್ಕ್‌ನ ಜನ ಮುಖ್ಯವಾಗಿ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಸೇವಿಸುತ್ತಾರೆಂದು ಮಧುಕುಮಾರ್ ಅವರು ಪೂರಕ ವರದಿಯಲ್ಲಿ ನಮೂದಿಸಿದ್ದಾರೆ. ಅದನ್ನು ಓದಿದ ಮೇಲಧಿಕಾರಿಗಳು ಇಷ್ಟು ಆಳವಾದ ಅಧ್ಯಯನಕ್ಕಾಗಿ ಅವರನ್ನು ಪ್ರಶಂಸಿಸಿದ್ದಾರೆ.

ಒಮ್ಮೆ ಸಾಲಿನಲ್ಲಿದ್ದ ಯಾರೋ, ದಿನಾ ಇಲ್ಲಿಗೆ ಬಂದು ಅಡುಗೆ ಮಾಡಿ ಸಂಜೆ ಲಗ್ಗೆರೆಗೆ ಹೋಗುವುದು ಕಷ್ಟವಲ್ಲವೇ ಎಂದು ಪಾರವ್ವನನ್ನು ಕೇಳಿದರು. ಅವಳು ರೊಟ್ಟಿ ಮಗುಚಿ ಹಾಕುತ್ತ, ತಲೆ ಎತ್ತದೆ ಹೇಳಿದಳು:

"ಲಗ್ಗೆರಿಯಾಗ ಒಂಬತ್ತ ವರ್ಷ ಇದ್ವಿ, ಹೌದು ಅದಾರ ಅಂತ ಯಾರೂ ಅನಲಿಲ್ಲ. ಇಲ್ಲಿ ಬಂದ ಆರ ತಿಂಗಳಿಗೆ ಕಾಗದ ಕೊಟ್ರು, ಗ್ಯಾಸ್ ಕೊಟ್ರು. ದೇಶ ಛಲೋ ಐತ್ರಿ. ಕರೆಂಟ್ ಒಂದ ಸ್ವಲ್ಪ ಹೋಗತೈತಿ."